ನಿನ್ನ ರಾಣಿ ಬಣ್ಣ ಎಲ್ಲಿ ಹೋಯ್ತು?

"ಈ ಚಿತ್ರದಾಗೆ ಎಲ್ಲಾ ಬಣ್ಣಾನೂ ಒಟ್ಟಿಗೇ ಕೂಗಾಡ್ತಾವೆ. ನಾನು ಯಾರ ಮಾತು ಕೇಳ್ಬೇಕು?"

ಬಾಗಿಲ ಕಡೆಯಿಂದ ಬಂದ ಆ ದನಿಗೆ ಅಂಬಿಕಾ ಗಕ್ಕನೆ ತಿರುಗಿದಳು.

ಗ್ರೀಸ್ ಮೆತ್ತಿದ ಕೈ, ಗಾಳಿಗೆ ಕೆದರಿದ ಕೂದಲು, ಕಂಕುಳಲ್ಲಿ ಹೆಲ್ಮೆಟ್. ಇನ್ನೂ ಚಪ್ಪಲಿ ಬಿಟ್ಟಿಲ್ಲ, ಹೆಸರು ಹೇಳಿಲ್ಲ... ಬಂದವನೇ ಅವಳ ಚಿತ್ರಕ್ಕೆ ಕಲ್ಲು ಹೊಡೆದುಬಿಟ್ಟನಲ್ಲ!

'ಯಾರಿವನು? ಇವನನ್ನ ಇಲ್ಲಿಗೆ ಕರೆದವರಾದರೂ ಯಾರು?'

ಕರೆದವನು ವಸೀಮ್. ಹೊನ್ನಾಳಿಯಲ್ಲಿ ಅವನ ಅಪ್ಪನದು ಫರ್ನಿಚರ್ ಅಂಗಡಿ. ಅಂಗಡಿಯ ಮಹಡಿಯಲ್ಲಿ, ಕಾಲು ಮುರಿದ ಕುರ್ಚಿಗಳ ಮತ್ತು ಪಾಲಿಶ್ ಕಾಣದ ಮಂಚಗಳ ನಡುವೆ, ಪ್ರತಿ ಭಾನುವಾರ ಇವರ ಕೂಟ. ದಾವಣಗೆರೆಯ ಒಂದೇ ಕಾಲೇಜಿನಲ್ಲಿ ಚಿತ್ರಕಲೆಯ ಕೊನೆಯ ವರ್ಷ ಓದುವ ವಸೀಮ್, ಚನ್ನಗಿರಿಯ ಅಂಬಿಕಾ, ಅವಳ ಗೆಳತಿ ಬುಶ್ರಾ ಮೂವರೂ ವಾರವೆಲ್ಲ ಬಿಡಿಸಿದ್ದನ್ನು ತಂದು ಗೋಡೆಗೆ ಆನಿಸುವರು. ಆಮೇಲೆ ಒಬ್ಬರ ಚಿತ್ರದ ಬಗ್ಗೆ ಇನ್ನೊಬ್ಬರು ಮುಚ್ಚುಮರೆ ಇಲ್ಲದೆ ಮಾತಾಡಬೇಕು.

ಅಲ್ಲಿ ಒಂದೇ ಒಂದು ಮಾತಿಗೆ ನಿಷೇಧ. ‘ಚೆನ್ನಾಗೈತೆ’!

ನಮ್ಮ ಕಡೆಯ ಜನರ ಸಂಕೋಚ ನಿಮಗೆ ಗೊತ್ತೇ ಇದೆ. ಏನು ತೋರಿಸಿದರೂ ‘ಚೆನ್ನಾಗೈತೆ ಬಿಡು’ ಅಂದು ಎದ್ದು ಹೋಗುತ್ತೇವೆ. ಹೊಸ ಸೊಸೆಗೂ ಅದೇ, ಉಪ್ಪಿಲ್ಲದ ಸಾರಿಗೂ ಅದೇ. ಹಾಗಾಗಿ ಯಾರ ಬಾಯಿಂದ ಆ ಮಾತು ಬರುತ್ತದೋ ಅವರು ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡಿಸಬೇಕೆಂದು ಬುಶ್ರಾ ಕಾಯಿದೆ ಮಾಡಿದ್ದಳು.

"ಇವನು ಕೊಟ್ರೇಶ್. ನ್ಯಾಮತಿಯವನು, ಶಿವಮೊಗ್ಗದಾಗೆ ಚಿತ್ರಕಲೆ ಓದ್ತಾನೆ. ಇವತ್ತಿಂದ ನಮ್ಮ ಜೊತೆ," ಎಂದ ವಸೀಮ್ ಹಲ್ಲು ಕಿರಿಯುತ್ತಾ.

ಅಂಬಿಕಾಗೆ ಮೂಗಿನ ತುದಿಯಲ್ಲೇ ಸಿಟ್ಟು.

"ಕೂಗಾಡೋ ಚಿತ್ರ ಅಂತ ಗೊತ್ತಾದ ಮ್ಯಾಲೆ ಕಿವಿ ಮುಚ್ಕೊಂಡು ಹೋಗ್ಬೇಕಿತ್ತು ನೀವು!"

ಅವನು ನಕ್ಕ. "ಹೋಗಾಕೆ ಆಗ್ಲಿಲ್ಲ ರೀ. ಕಣ್ಣು ಅಲ್ಲೇ ನಿಂತ್ಕಂಡ್ತು. ಅದಕ್ಕೇ ಹೇಳ್ದೆ."

ಅದು ಹೊಗಳಿಕೆಯೋ ತೆಗಳಿಕೆಯೋ ಅಂಬಿಕಾಗೆ ತಿಳಿಯಲಿಲ್ಲ. ಚನ್ನಗಿರಿಗೆ ವಾಪಸಾಗುವ ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ಮಾಡಿ ಕೂತಳು.

"ಅವನ ಮಾತು ಅಷ್ಟು ಚುಚ್ಚಿತೇನೇ?" ಎಂದಳು ಬುಶ್ರಾ.

"ಅವನ ಹೆಸರು ಎತ್ಬ್ಯಾಡ!"

ಹೆಸರು ಎತ್ತಬಾರದವನ ಬಗ್ಗೆಯೇ ನಲ್ಲೂರು ದಾಟುವವರೆಗೂ ಯೋಚಿಸುತ್ತಿದ್ದಳು ಹುಡುಗಿ!

ಅಂಬಿಕಾಳ ಬಣ್ಣಗಳು ಸುಮ್ಮನೆ ಬಂದವಲ್ಲ. ಅವಳ ಅವ್ವ ಅಂಜಿನಮ್ಮ ಜಗಳೂರಿನವಳು. ಚನ್ನಗಿರಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಮಷಿನ್ ಕೆಳಗೆ ಬೀಳುವ ಚೂರು ಬಟ್ಟೆಗಳೇ ಅಂಬಿಕಾಳ ಬಾಲ್ಯದ ಆಟಿಕೆ. ಗಿಳಿಹಸಿರು, ಅರಿಶಿನ, ನವಿಲು ಬಣ್ಣ... ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಹೊಡೆಯುವ ಆ ಕಡುಗುಲಾಬಿ, ರಾಣಿ ಬಣ್ಣ. ಅದಿಲ್ಲದ ಚಿತ್ರವನ್ನು ಅವಳು ಬಿಡಿಸಿದ್ದೇ ಇಲ್ಲ.

ಅವಳಿಗೆ ಇದ್ದದ್ದು ಒಂದೇ ಆಸೆ. ಕಾಲೇಜಿನ ವರ್ಷದ ಕೊನೆಯ ಪ್ರದರ್ಶನದಲ್ಲಿ ತನ್ನ ಚಿತ್ರದ ಮುಂದೆ ನಿಂತವರು, ಹೆಸರು ಓದದೆಯೇ ‘ಇದು ಅಂಬಿಕಾಳ ಕೈ’ ಅನ್ನಬೇಕು. ಅಷ್ಟಾದರೆ ಸಾಕು, ಈ ಓದು ಸಾರ್ಥಕ.

ಕೊಟ್ರೇಶನದು ಇನ್ನೊಂದು ಲೋಕ. ಅಪ್ಪ ಬೀರಲಿಂಗಪ್ಪನ ಬೈಕ್ ಗ್ಯಾರೇಜು, ಹೊಗೆ, ಮಸಿ, ಸವೆದ ಟೈರು. ಅವನ ಚಿತ್ರಗಳೆಲ್ಲ ಬೂದಿ ಬಣ್ಣ.

ಮುಂದಿನ ಭಾನುವಾರ ಅಂಬಿಕಾ ಬಡ್ಡಿ ಸಮೇತ ತೀರಿಸಿದಳು.

"ಅಲ್ರೀ, ಈ ಗ್ಯಾರೇಜಿನಾಗೆ ಮನುಷ್ಯರು ಯಾರಾದ್ರೂ ಇರ್ತಾರೋ, ಬರೀ ಸಾಮಾನೇನೋ?"

ವಸೀಮ್ ಹೋ ಎಂದು ನಕ್ಕ. ಕೊಟ್ರೇಶ್ ನಗಲಿಲ್ಲ. ತನ್ನ ಚಿತ್ರವನ್ನು ಬಹಳ ಹೊತ್ತು ನೋಡಿ, "ನಿಜ ರೀ," ಎಂದ ಮೆಲ್ಲಗೆ.

ಅಷ್ಟಕ್ಕೇ ಅವಳ ಸಿಟ್ಟು ಅರ್ಧ ಇಳಿದುಹೋಯಿತು. ತನ್ನ ತಪ್ಪನ್ನು ಇಷ್ಟು ಸುಲಭವಾಗಿ ಒಪ್ಪಿಕೊಳ್ಳುವ ಗಂಡಸನ್ನು ಅವಳು ಕಂಡೇ ಇರಲಿಲ್ಲ!

ವಾರಗಳು ಉರುಳಿದವು. ಯಾರಿಂದ ಏನು ಕಲಿತೆವೋ ಅದನ್ನು ತಂದು ತೋರಿಸಬೇಕೆಂದು ಒಂದು ಭಾನುವಾರ ಮಾತಾಯಿತು. ಬುಶ್ರಾ ಅಜ್ಜಿಯ ಮದರಂಗಿ ನಮೂನೆ ತಂದಳು. ವಸೀಮ್ ಕೆಳಗಿನ ಅಂಗಡಿಯಿಂದ ಕೆತ್ತನೆಯ ಮಂಚದ ಕಾಲನ್ನೇ ಹೊತ್ತು ತಂದ. ಅಂಬಿಕಾ ಚೂರು ಬಟ್ಟೆಯ ಗಂಟು ಬಿಚ್ಚಿದಾಗ ಕೊಟ್ರೇಶ್ ನೆಲದ ಮೇಲೆ ಕುಳಿತು, ಗ್ರೀಸ್ ಕೈ ತಾಗದಂತೆ, ಒಂದೊಂದೇ ಚೂರನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದ.

"ಇವು ನಿಮ್ಮ ಗುರುಗಳು ಅನ್ನಿ," ಎಂದ.

'ಯಾರೂ ಹೀಗೆ ಹೇಳಿರಲಿಲ್ಲವಲ್ಲ...' ಅವಳ ಕಣ್ಣು ಯಾಕೋ ತುಂಬಿ ಬಂತು.

ಆಮೇಲೆ ಅಂಬಿಕಾ ಭಾನುವಾರಕ್ಕೆ ಕಾಯತೊಡಗಿದಳು. ನಿಜ ಹೇಳಬೇಕೆಂದರೆ, ಅವನ ಬೈಗುಳಕ್ಕೆ! ಬೇರೆಯವರು ಚಿತ್ರ ನೋಡಿ ತಕ್ಷಣ ಮಾತಾಡುತ್ತಿದ್ದರು. ಅವನು ಹತ್ತಿರ ಹೋಗಿ, ದೂರ ನಿಂತು, ಮತ್ತೆ ಹತ್ತಿರ ಬಂದು, ಆಮೇಲಷ್ಟೇ ಬಾಯಿ ತೆರೆಯುತ್ತಿದ್ದ. ಅಷ್ಟು ಹೊತ್ತು ಯಾರೂ ಅವಳನ್ನು ನೋಡಿರಲಿಲ್ಲ. ಚಿತ್ರವನ್ನು ಅಂತ ಹೇಳಬೇಕಿತ್ತು, ಇರಲಿ ಬಿಡಿ.

ಅವನು ಹುಬ್ಬು ಗಂಟಿಕ್ಕಿದ ಕಡೆ ಅವಳು ಮನೆಗೆ ಬಂದು ಬಣ್ಣ ತೆಳು ಮಾಡಿದಳು. ಅವನು ‘ಇಲ್ಲಿ ಸ್ವಲ್ಪ ಜಾಸ್ತಿಯಾಯ್ತು’ ಅಂದಲ್ಲಿ ಒರೆಸಿಯೇಬಿಟ್ಟಳು.

ಪ್ರದರ್ಶನಕ್ಕೆಂದು ಆರಿಸಿಕೊಂಡದ್ದು ಅವ್ವನ ಚಿತ್ರ. ಹೊಲಿಗೆ ಮಷಿನ್ ಮುಂದೆ ಬಗ್ಗಿ ಕೂತ ಅಂಜಿನಮ್ಮ. ಮುಗಿದ ದಿನ ಅವ್ವನನ್ನೇ ಕರೆದು ತೋರಿಸಿದಳು.

"ಯಾರು ಬಿಡಿಸಿದ್ದೇ ಇದು?" ಎಂದಳು ಅಂಜಿನಮ್ಮ.

"ನಾನೇ ಕಣವ್ವ!"

"ಹೌದಾ..." ಅಂಜಿನಮ್ಮ ಮತ್ತೇನೂ ಅನ್ನದೆ ಸೂಜಿಗೆ ದಾರ ಪೋಣಿಸಿದಳು.

ಅಂಬಿಕಾಗೆ ಖುಷಿಯೋ ಖುಷಿ. ಅವ್ವನಿಗೂ ಗುರುತು ಸಿಗದಷ್ಟು ತಾನು ಬೆಳೆದಿದ್ದೇನೆ ಅಂದುಕೊಂಡಳು!

ಆ ಭಾನುವಾರ ಚಿತ್ರ ಗೋಡೆಗೆ ಆನಿತು. ಬುಶ್ರಾ ನೆರಳಿನ ಬಗ್ಗೆ ಮಾತಾಡಿದಳು. ವಸೀಮ್ ಮಷಿನ್ ಚಕ್ರದ ಗೆರೆ ಮೆಚ್ಚಿದ. ಅಂಬಿಕಾ ಇಬ್ಬರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣೆಲ್ಲ ಕೊಟ್ರೇಶನ ಮುಖದ ಮೇಲೆ.

ಅವನು ಹತ್ತಿರ ಹೋದ. ದೂರ ಬಂದ. ಮತ್ತೆ ಹತ್ತಿರ ಹೋಗಲಿಲ್ಲ.

"ಚೆನ್ನಾಗೈತೆ," ಎಂದ.

ಒಂದು ಕ್ಷಣ ಯಾರಿಗೂ ನಂಬಲಾಗಲಿಲ್ಲ. ವಸೀಮ್ ಕುರ್ಚಿಯಿಂದ ಎಗರಿ ಎದ್ದ. "ಸಿಕ್ಕಿಬಿದ್ದ! ನಡಿಯಲೇ, ಮಿರ್ಚಿ ಕೊಡ್ಸು!"

ಕೊಟ್ರೇಶ್ ಕೆಳಗಿಳಿದು ಹೋಗಿ ಮಂಡಕ್ಕಿ ಮಿರ್ಚಿ ತಂದಿಟ್ಟ. ತಾನೊಂದು ತುತ್ತೂ ತಿನ್ನದೆ ಬೈಕ್ ಹತ್ತಿದ.

ಅಂಬಿಕಾ ಮಿರ್ಚಿ ಮುಟ್ಟಲಿಲ್ಲ. ಹೇಳಲು ಏನೂ ಇಲ್ಲದಾಗ ಹೇಳುವ ಮಾತಲ್ಲವೇ ಅದು? 'ಬೈಯಲಿಕ್ಕೂ ಲಾಯಕ್ಕಿಲ್ಲವಾಯಿತೇ ನನ್ನ ಚಿತ್ರ? ಇಷ್ಟು ದಿನ ಅವನು ನೋಡಿದ್ದೆಲ್ಲ ಸುಳ್ಳೇ?'

ಮುಂದಿನ ವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅಂಬಿಕಾ ಮೆಸೇಜ್ ಮಾಡಿದರೆ ‘ಕೆಲಸ ಐತೆ ರೀ’ ಎಂಬ ಒಣ ಉತ್ತರ. ಕೂಟದಲ್ಲಿ ಮಾತು ನಡೆಯುತ್ತಿತ್ತು, ನಗುವೂ ಇತ್ತು. ಅಂಬಿಕಾಗೆ ಮಾತ್ರ ಯಾವುದರಲ್ಲೂ ರುಚಿ ಇಲ್ಲ. ಪ್ರದರ್ಶನ ಹತ್ತಿರ ಬಂತು. ಚಿತ್ರದ ಮುಂದೆ ಕುಂಚ ಹಿಡಿದರೆ ಕೈ ಓಡುತ್ತಿರಲಿಲ್ಲ.

"ಹಿಂಗೆ ಅಳ್ತಾ ಕುಂತ್ರೆ ಏನೂ ಆಗಾಕಿಲ್ಲ," ಎಂದಳು ಬುಶ್ರಾ ಕೊನೆಗೆ. "ನಡಿ, ನ್ಯಾಮತಿಗೆ ಹೋಗಾನ. ಎದುರಿಗೇ ಕೇಳು."

"ನಾನ್ಯಾಕೆ ಹೋಗ್ಬೇಕು?"

"ಹಂಗಾದ್ರೆ ಅಳಬ್ಯಾಡ."

ಅಂಬಿಕಾ ಎದ್ದು ಮುಖ ತೊಳೆದುಕೊಂಡಳು.

ನ್ಯಾಮತಿಯಲ್ಲಿ ಗ್ಯಾರೇಜ್ ಹುಡುಕುವುದು ಕಷ್ಟವಾಗಲಿಲ್ಲ. ಬೀರಲಿಂಗಪ್ಪ ಬೈಕೊಂದರ ಚೈನ್ ಬಿಗಿಯುತ್ತಿದ್ದವನು ತಲೆ ಎತ್ತಿ ಇಬ್ಬರನ್ನೂ ನೋಡಿದ.

"ಬರ್ರಿ, ಕುಂದರ್ರಿ. ಯಾವ ಗಾಡಿ ರೀ?"

"ಗಾಡಿ ಅಲ್ಲ... ಕೊಟ್ರೇಶ್ ಅವರನ್ನ ನೋಡ್ಬೇಕಿತ್ತು," ಎಂದಳು ಅಂಬಿಕಾ.

ಬೀರಲಿಂಗಪ್ಪನ ಮುಖದಲ್ಲಿ ನಗು ಹರಡಿತು. "ಹಿಂದ್ಲ ಕೋಣೆಯಾಗೆ ಕುಂತಾನೆ ಕಣಮ್ಮ. ಉಣ್ಣಾಕೂ ಬರಲ್ಲ, ಮಾತೂ ಆಡಲ್ಲ. ರಿಪೇರಿ ಮಾಡಾಕೆ ನನ್ ಕೈಲಿ ಆಗ್ಲಿಲ್ಲ, ನೀವಾದ್ರೂ ನೋಡ್ರಿ."

ಬುಶ್ರಾ ಜಾಣೆ. ತನಗೆ ಚಹಾ ಬೇಕೆಂದು ಅಲ್ಲೇ ಸ್ಟೂಲ್ ಎಳೆದು ಕೂತಳು.

ಕೋಣೆಯ ಬಾಗಿಲಲ್ಲಿ ಅಂಬಿಕಾಳನ್ನು ಕಂಡು ಕೊಟ್ರೇಶ್ ದಡಬಡಿಸಿ ಎದ್ದ.

"ನೀವು... ಇಲ್ಲಿ?"

"ನನ್ನ ಚಿತ್ರದಾಗೆ ಏನು ತಪ್ಪೈತೆ ಹೇಳ್ರಿ. ಕೇಳ್ಕೊಂಡು ಹೋಗಾಕೆ ಬಂದೀನಿ."

"ತಪ್ಪೇನಿಲ್ಲ..."

"ಸುಳ್ಳು!" ಅವಳು ಹೊಸಿಲು ದಾಟಿ ಬಂದಳು. "ಎಲ್ಲರೂ ಸುಳ್ಳು ಹೇಳ್ಲಿ, ನಂಗೆ ಬೇಜಾರಿಲ್ಲ. ನೀವು ಹೇಳಬಾರದಿತ್ತು."

ಅವನು ತಲೆ ತಗ್ಗಿಸಿದ.

"ಅದರಾಗೆ ತಪ್ಪಿಲ್ಲ ಅಂಬಿಕಾ. ಅದರಾಗೆ ನೀನೇ ಇಲ್ಲ."

ಮೊದಲ ಸಲ ‘ನೀನು’ ಅಂದಿದ್ದ. ಇಬ್ಬರಿಗೂ ಅದು ಗೊತ್ತಾಯಿತು. ಇಬ್ಬರೂ ಗೊತ್ತಾಗದವರಂತೆ ನಿಂತರು.

"ನಿನ್ನ ರಾಣಿ ಬಣ್ಣ ಎಲ್ಲಿ ಹೋಯ್ತು? ಅವತ್ತು ಗೋಡೆ ಮ್ಯಾಲೆ ಕಂಡಿದ್ದು ನನ್ನ ಬೂದಿ, ನನ್ನ ಗೆರೆ. ನಿಮ್ಮವ್ವ ನಮ್ಮ ಗ್ಯಾರೇಜಿನಾಗೆ ಕುಂತು ಹೊಲಿಯೋ ಹಂಗೆ ಕಾಣ್ತು! ಅದು ಬ್ಯಾಡ, ಇದು ಜಾಸ್ತಿ ಅಂತ ವಾರ ವಾರ ಅಂದೂ ಅಂದೂ ನಿನ್ನ ಕೈಯನ್ನ ನಾನೇ ಹಾಳು ಮಾಡ್ದೆ ಅನ್ನಿಸ್ತು. ನಾನು ದೂರ ಇದ್ರೆ ನಿನ್ನ ಬಣ್ಣ ನಿಂಗೆ ವಾಪಸ್ ಬರ್ತೈತೆ ಅಂದ್ಕಂಡೆ."

ಅಂಬಿಕಾಗೆ ಅವ್ವನ ಪ್ರಶ್ನೆ ನೆನಪಾಯಿತು. 'ಯಾರು ಬಿಡಿಸಿದ್ದೇ ಇದು?' ನಿಜ... ಅವ್ವನಿಗೆ ಗುರುತು ಸಿಗದೆ ಇದ್ದದ್ದು ಚಿತ್ರವಲ್ಲ, ಮಗಳು.

"ಇದನ್ನ ಅವತ್ತೇ ಹೇಳಾಕೆ ಏನಾಗಿತ್ತು?"

"ನೀನು ಅಷ್ಟು ಆಸೆಯಿಂದ ನನ್ನ ಮುಖಾನೇ ನೋಡ್ತಿದ್ದೆ. ಬಾಯಿ ಬರ್ಲಿಲ್ಲ."

"ನಾನೇನು ಚಿಕ್ಕ ಮಗೂನಾ?" ಕಣ್ಣೀರಿನ ಜೊತೆಗೇ ಸಿಟ್ಟೂ ಉಕ್ಕಿತು. "ಯಾರ ಹತ್ರ ಏನು ಕಲೀಬೇಕು, ಎಷ್ಟು ಕಲೀಬೇಕು ಅಂತ ನಾನು ತೀರ್ಮಾನ ಮಾಡ್ತೀನಿ. ಬಣ್ಣ ಕಳ್ಕೊಂಡಿದ್ರೆ ಹುಡುಕ್ಕೊಳ್ಳಾಕೂ ನಂಗೆ ಬರ್ತೈತೆ. ಆದ್ರೆ ನೀವು ಹೇಳ್ದೆ ಕೇಳ್ದೆ ಹೋದ್ರಲ್ಲ... ಅದಕ್ಕೆ ನಾನೇನು ಮಾಡ್ಲಿ?"

ಅವಳು ಕಣ್ಣೊರೆಸಿಕೊಂಡು ಪಕ್ಕಕ್ಕೆ ತಿರುಗಿದಳು. ಅಲ್ಲಿ ಅವನ ಹೊಸ ಚಿತ್ರವಿತ್ತು. ಗೋಣಿಚೀಲದ ಮೇಲೆ ಬಿಚ್ಚಿಟ್ಟ ಎಂಜಿನ್, ಸುತ್ತ ನಟ್ಟು ಬೋಲ್ಟು, ಎಲ್ಲವೂ ಬೂದಿ. ನಡುವೆ ಕೈ ಒರೆಸುವ ಒಂದು ಬಟ್ಟೆ.

ಅಂಬಿಕಾ ಹತ್ತಿರ ಹೋದಳು. ದೂರ ನಿಂತಳು. ಮತ್ತೆ ಹತ್ತಿರ ಹೋದಳು.

"ಈ ಬಟ್ಟೆ ಯಾವ ಬಣ್ಣ ರೀ?"

"ಅದು... ಗ್ಯಾರೇಜಿನ ಬಟ್ಟೆ, ಸುಮ್ನೆ..."

"ಗ್ಯಾರೇಜಿನಾಗೆ ಈ ಬಣ್ಣದ ಬಟ್ಟೆ ಎಲ್ಲೈತೆ, ತೋರ್ಸಿ."

ಕೊಟ್ರೇಶ್ ಸುತ್ತ ನೋಡಿದ. ಮೊಳೆಗೆ ನೇತಾಡುತ್ತಿದ್ದ ಬಟ್ಟೆಗಳೆಲ್ಲ ಎಣ್ಣೆ ಕುಡಿದು ಕರ್ರಗಾಗಿದ್ದವು. ಅವನು ತನ್ನ ಚಿತ್ರವನ್ನು ಮೊದಲ ಸಲ ನೋಡುವವನಂತೆ ನೋಡಿದ. ರಾಣಿ ಬಣ್ಣ!

"ನಾನು ಬೇಕು ಅಂತ ಹಚ್ಚಿದ್ದಲ್ಲ..."

"ಹಂಗಾದ್ರೆ ನಾನೂ ನಿಮ್ಮ ಕೈ ಹಾಳು ಮಾಡಿದ್ನಾ?"

"ಇಲ್ಲ," ಎಂದ ಅವನು. "ಈ ಚಿತ್ರದಾಗೆ ಜೀವ ಇರೋದು ಅದೊಂದೇ ಕಡೆ."

ಹೊರಗೆ ಬೀರಲಿಂಗಪ್ಪ ಬೈಕ್ ಸ್ಟಾರ್ಟ್ ಮಾಡಿ ನಿಲ್ಲಿಸಿದ. ಆ ಸದ್ದು ಅಡಗಿದ ಮೇಲೆ ಕೊಟ್ರೇಶ್ ಹೇಳಿಯೇಬಿಟ್ಟ.

"ನಂಗೆ ನೀನಂದ್ರೆ ಇಷ್ಟ ಅಂಬಿಕಾ. ನಿನ್ನ ಚಿತ್ರ ಕೂಗಾಡ್ತಾವಲ್ಲ, ಅದೂ ಇಷ್ಟ. ನೀನು ಕೂಗಾಡ್ತೀಯಲ್ಲ, ಅದೂ ಇಷ್ಟ."

ಅಳುತ್ತಲೇ ನಕ್ಕುಬಿಟ್ಟಳು ಅವಳು. "ನಂಗೂ... ನೀವು ಬೈಯದೇ ಇದ್ರೆ ವಾರ ಕಳೆಯಲ್ಲ."

ಬಸ್ ನಿಲ್ದಾಣದವರೆಗೆ ಕೊಟ್ರೇಶ್ ಜೊತೆಗೇ ನಡೆದು ಬಂದ. ಬುಶ್ರಾ ಬೇಕೆಂದೇ ಮುಂದೆ ಮುಂದೆ ಹೋದಳು.

"ಆ ಚಿತ್ರ ಪೂರ್ತಿ ಹೊಸದಾಗಿ ಬಿಡಿಸ್ತೀನಿ," ಎಂದಳು ಅಂಬಿಕಾ. "ನಿಮ್ಮ ಬೂದೀನ ಮಾತ್ರ ಪೂರ್ತಿ ತೆಗೆಯಾಕಿಲ್ಲ. ಅದರ ಪಕ್ಕ ಇಟ್ರೇನೇ ನನ್ನ ರಾಣಿ ಬಣ್ಣ ಎದ್ದು ಕಾಣೋದು."

"ಆಗ್ಲಿ ರಾಣಿ!"

ಅವಳು ನಾಚಿ ಬಸ್ಸು ಬರುವ ದಿಕ್ಕು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು.

"ಪ್ರದರ್ಶನದ ದಿನ ನಮ್ಮ ಕಾಲೇಜಿನ ಮಾಲಾ ಮೇಡಂ ಎಲ್ಲರ ಮುಂದೆ ನಿಲ್ಸಿ ಕೇಳ್ತಾರೆ, ಈ ಚಿತ್ರದ ಮ್ಯಾಲೆ ಯಾರ ಪ್ರಭಾವ ಐತೆ ಅಂತ. ಏನು ಹೇಳ್ಲಿ?"

"ನಿಜ ಹೇಳು."

"ಅವ್ವ, ಅಪ್ಪ ಇಬ್ರೂ ಬಂದಿರ್ತಾರೆ. ನಿಜ ಹೇಳಿದ್ರೆ ಅವರಿಗೂ ಗೊತ್ತಾಗ್ತೈತೆ!"

"ಗೊತ್ತಾಗ್ಲಿ ಅಂತಾನೇ ಹೇಳಿದ್ದು. ನಾನೂ ಅಪ್ಪನ್ನ ಕರ್ಕೊಂಡು ಬರ್ತೀನಿ."

ಹೊನ್ನಾಳಿ ಬಸ್ಸು ಬಂದು ನಿಂತಿತು. ಅಂಬಿಕಾ ಮೆಟ್ಟಿಲ ಮೇಲೆ ಕಾಲಿಟ್ಟು, ಹಿಂದೆ ತಿರುಗಿ ಅವನನ್ನು ನೋಡಿದಳು.

"ಹಂಗಾದ್ರೆ ಮುಂದಿನ ಸಾಲಿನಾಗೇ ಕುಂದ್ರು," ಎಂದಳು. "ನಿನ್ನ ಮುಖ ನೋಡ್ಕೊಂಡೇ ಹೇಳ್ತೀನಿ."