ಹೊಸ ದಾರದ ಹೊಲಿಗೆ

೧೯೬೪ರ ಫೆಬ್ರುವರಿ ೧೨, ಬುಧವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ತೀರ್ಥಹಳ್ಳಿ ಠಾಣೆಗೆ ಬಂದ ಸುಬ್ಬಲಕ್ಷ್ಮಮ್ಮ, ಬಟ್ಟೆಯಲ್ಲಿ ಸುತ್ತಿದ ಹಸ್ತಪ್ರತಿಯೊಂದನ್ನು ಸಬ್ ಇನ್‌ಸ್ಪೆಕ್ಟರ್ ಮಂಜುನಾಥಪ್ಪನವರ ಮೇಜಿನ ಮೇಲಿಟ್ಟರು. ಅವರ ಯಜಮಾನರು, ಕಾದಂಬರಿಕಾರ ನಾರಾಯಣಮೂರ್ತಿ ಮೇಷ್ಟ್ರು, ಸಾಯುವ ಮುನ್ನ ಬರೆಯುತ್ತಿದ್ದ ಪುಸ್ತಕ. ಎರಡು ಅಧ್ಯಾಯ ಬಾಕಿ ಉಳಿದಿತ್ತು.

"ಯಾರು ಮುಗಿಸಬೇಕು ಅಂತ ಮೊದಲನೇ ಹಾಳೇಲಿ ಬರೆದಿದೀನಿ, ವರ್ಷಾಂತಿಕ ಆದ ಮೇಲೆ ಶಿಷ್ಯರಿಬ್ಬರ ಎದುರಿಗೇ ಬಿಚ್ಚು ಅಂದಿದ್ರು. ನಿನ್ನೆ ಬಿಚ್ಚಿದ್ರೆ ಆ ಹಾಳೇನೇ ಇಲ್ಲ ಮಾರಾಯ್ರೆ! ನೀನೇ ಕದ್ದಿದ್ದು ಅಂತ ಉಮಾಪತಿ ಶಂಭೂನ ಕೊರಳಪಟ್ಟಿ ಹಿಡಿದ."

"ಈ ನಡುವೆ ಮನೆಗೆ ಯಾರು ಬಂದಿದ್ರು?"

"ಅವರಿಬ್ಬರೇ, ಬೇರೆ ಬೇರೆ ದಿನ. ಇದನ್ನಿಟ್ಟ ಕಪಾಟಿಗೆ ನಾನು ಬೀಗ ಹಾಕಿದವಳಲ್ಲ."

ಎಫ್‌ಐಆರ್ ದಾಖಲಾಯಿತು. ಮಂಜುನಾಥಪ್ಪ ಹಸ್ತಪ್ರತಿಯನ್ನು ತಿರುವಿ ನೋಡಿದರು. ಎಲ್ಲ ಕಡೆ ಹಳದಿಗಟ್ಟಿದ ದಾರ, ನಡುವೆ ಮಡಚಿದ ಜೋಡಿ ಹಾಳೆಗಳ ಮೊದಲ ಕಟ್ಟಿಗೆ ಮಾತ್ರ ಬಿಳಿ ದಾರ. ಹೊಲಿಗೆ ಒಂದೇ ಬಗೆಯದು: ಐದು ತೂತು, ಗಂಟು ಒಳಗೆ.

"ಕದ್ದವನು ಹೊಲಿದೂ ಹೋಗಿದಾನಲ್ಲ ಸಾರ್!" ಕಾನ್‌ಸ್ಟೆಬಲ್ ಹುಲಿಯಪ್ಪ ನಕ್ಕ. "ಇಂಥ ಕಳ್ಳ ನಮ್ಮನೆಗೆ ಬಂದ್ರೆ ಹರಿದ ಕಂಬಳಿ ಎಲ್ಲ ಹೊರಗಿಡ್ತಿದ್ದೆ."

ಮರುದಿನ ಹನ್ನೊಂದಕ್ಕೆ ಸಾಗರ. ಶಂಭು ರೈಲು ನಿಲ್ದಾಣದ ಗುಮಾಸ್ತ. ಮಾಸಪತ್ರಿಕೆಗಳಲ್ಲಿ ಅವನ ಕತೆಗಳು ಬರುತ್ತಿದ್ದವು. ಮಂಜುನಾಥಪ್ಪ ಸೂಜಿದಾರ ಮುಂದಿಟ್ಟರು.

"ಈ ಕಾಗದ ಹೊಲಿ ನೋಡಾಣ."

ಎರಡನೇ ತೂತಿಗೇ ಬೆರಳು ಚುಚ್ಚಿಕೊಂಡ. "ನಂಗೆಲ್ಲಿ ಬರುತ್ತೆ ಸಾರ್? ನಾನು, ಗುರುಗಳು ಕತೆ ಮಾತಾಡ್ತಾ ಕೂರ್ತಿದ್ವಿ. ನಕಲು ಮಾಡೋದು, ಹೊಲಿಯೋದು ಎಲ್ಲ ಉಮಾಪತಿ. ಬಂಗಾರದಂಥ ಕೈ ಅವಂದು!"

ಶಂಭು ಮನಸಾರೆ ಹೊಗಳಿದ್ದ. ಇದೇ ಹೊಗಳಿಕೆಯನ್ನು ಉಮಾಪತಿ ಎಷ್ಟು ವರ್ಷ ಕೇಳಿರಬಹುದು ಎಂದು ಮಂಜುನಾಥಪ್ಪ ಲೆಕ್ಕ ಹಾಕುತ್ತಾ ಹುಲಿಯಪ್ಪನೊಂದಿಗೆ ರಿಪ್ಪನ್‌ಪೇಟೆ ಬಸ್ಸು ಹತ್ತಿದರು.

ಮೂರೂವರೆಗೆ, ಅಲ್ಲಿ ಮೇಷ್ಟ್ರಾಗಿದ್ದ ಉಮಾಪತಿ ಶಾಲೆಯಿಂದ ಆಗತಾನೆ ಮನೆಗೆ ಬಂದಿದ್ದ.

"ಶಂಭೂನ ಹಿಡಿದ್ರಾ ಸಾರ್?"

"ಒಂದು ಅನುಮಾನ ಮೇಷ್ಟ್ರೇ. ಹಾಳೆ ಕಿತ್ತವನು ಓಡಿಹೋಗೋದು ಬಿಟ್ಟು ಹೊಲೀತಾ ಯಾಕೆ ಕೂತ?"

"ಹೊಲೀದೆ ಬಿಟ್ರೆ ಅದರ ಜೋಡಿ ಹಾಳೆ ಉದುರಿ ಹೋಗಲ್ವಾ ಸಾರ್! ಗುರುಗಳ ಪುಸ್ತಕ ಅದು!"

ಮಾತು ಬಾಯಿ ದಾಟಿತ್ತು. ಹುಲಿಯಪ್ಪ ನಗಲಿಲ್ಲ. ಉಮಾಪತಿ ತಾನೇ ಪೆಟ್ಟಿಗೆ ತೆರೆದು, ಮದುವೆಯ ಪಂಚೆಯ ಮಡಿಕೆಯಿಂದ ಹಾಳೆ ತೆಗೆದುಕೊಟ್ಟ.

'ಉಳಿದದ್ದನ್ನು ಶಂಭು ಬರೆಯಲಿ. ಉಮಾಪತಿ ನಕಲು ಮಾಡಿ ಹೊಲಿದುಕೊಡಲಿ.'

"ಸುಟ್ಟಿದ್ರೆ ಸಿಕ್ಕಿ ಬೀಳ್ತಿರಲಿಲ್ಲ," ಎಂದರು ಮಂಜುನಾಥಪ್ಪ.

"ಅವರ ಅಕ್ಷರ ಸಾರ್. ಹೆಂಗೆ ಸುಡ್ಲಿ? ಹದಿನಾಲ್ಕು ವರ್ಷ ಅವರು ಬರೆದದ್ದನ್ನೇ ಬರೆದೆ. ನೀನೂ ಒಂದು ಕತೆ ಬರಿಯೋ ಅಂತ ಒಂದು ದಿನಾನೂ ಅನ್ನಲಿಲ್ಲ."

"ನೀವು ಬರೆದಿದ್ರಾ?"

"ಮೂರು ಕತೆ. ಯಾರಿಗೂ ತೋರಿಸಿಲ್ಲ."

ನೆರೆಯವರಿಬ್ಬರ ಸಮಕ್ಷಮ ಪಂಚನಾಮೆ ಆಯಿತು. ನಾಲ್ಕೂ ಐವತ್ತಕ್ಕೆ ದಸ್ತಗಿರಿ. ಹುಲಿಯಪ್ಪ ಪಂಚನಾಮೆಯ ಕಾಗದಗಳನ್ನು ಹೇಗೆಂದರೆ ಹಾಗೆ ಮಡಚಹೊರಟಾಗ ಉಮಾಪತಿ ತಡೆಯಲಾರದೆ ಕೈಚಾಚಿದ. ಅಂಚಿಗೆ ಅಂಚು ಕೂಡಿಸಿ, ಗೋಡೆಯ ಗೂಡಿನಿಂದ ಸೂಜಿದಾರ ತೆಗೆದು, ಐದು ತೂತು ಹಾಕಿದ. ತೀರ್ಥಹಳ್ಳಿ ಬಸ್ಸು ಹಾರನ್ ಹೊಡೆಯುತ್ತಿತ್ತು.

"ಇರಲಿ, ಮುಗಿಸಲಿ," ಎಂದರು ಮಂಜುನಾಥಪ್ಪ.