ಮುಚ್ಚಳದ ತೂತಿಗೆ ಸಾಬೂನು

ನನಗ ಪೆಟ್ರೋಲ್ ವಾಸನಿ ಅಂದ್ರ ಆಗಂಗಿಲ್ಲ. ಮೊದಲ ಹೇಳಿಬಿಡ್ತೇನಿ, ಯಾಕಂದ್ರ ಇಷ್ಟೆಲ್ಲಾ ರಾದ್ಧಾಂತ ಆಗಿದ್ದು ಅದರಿಂದನ.

ತೊಂಬತ್ಮೂರನೇ ಇಸವಿ. ಕುಪ್ಪೇಲೂರ ಹತ್ರ ಒಂದು ಬೀಜದ ಕಂಪನಿ ಫಾರ್ಮಿನಾಗ ಸ್ಟೋರ್ ರೂಮು ನನ್ನ ಕೈಯಾಗಿತ್ತು. ಬದುವಿನ ಹುಲ್ಲು ಹೊಡ್ಯಾಕ ಕಂಪನಿಯವರು ಪರದೇಶದ ಮಷಿನ್ ತರಿಸಿದ್ರು. ಉದ್ದನ ಕೋಲು, ಒಂದು ತುದಿಗೆ ಸಣ್ಣ ಪೆಟ್ರೋಲ್ ಎಂಜಿನ್, ಇನ್ನೊಂದು ತುದಿಗೆ ಗರಗರ ತಿರುಗೋ ನೈಲಾನ್ ದಾರ. ನಮ್ಮ ಆಳು ಹನುಮಪ್ಪ ಕಾಕಾ ಸಂಜೀಕ ಅದನ್ನ ತಂದು ನನ್ನ ಸ್ಟೋರಿನಾಗ ಅಡ್ಡ ಒಗದು ಹೋಗತಿದ್ದ. ಟ್ಯಾಂಕಿನ ಮುಚ್ಚಳದಾಗ ಸೂಜಿ ಮೊನಿಯಷ್ಟು ತೂತಿತ್ತು. ಅದರಿಂದ ಪೆಟ್ರೋಲ್ ಹನಿ ಹನಿ ಸೋರಿ ಬೀಜದ ಚೀಲ ಎಲ್ಲಾ ನಾರತಿದ್ದವು. ನಮ್ಮಪ್ಪ ಪಂಪಿನ ಟಾಕಿ ಸೋರಿದ್ರ ಸಾಬೂನು ಮೆತ್ತತಿದ್ದ. ನಾನೂ ಮೈಸಾಬೂನಿನ ಒಂದು ಚೂರು ತೂತಿಗೆ ಒತ್ತಿದೆ.

ಮರುದಿನದಿಂದ ಮಷಿನ್ ಹತ್ತು ನಿಮಿಷ ಓಡಿ ಬಂದ್ ಬೀಳಾಕತ್ತಿತು.

ರಾಣೇಬೆನ್ನೂರಿನ ಗ್ಯಾರೇಜಿನಿಂದ ಮೆಕ್ಯಾನಿಕ್ ಬಂದ. ಶಂಕ್ರಪ್ಪ, ಮೋಟೆಬೆನ್ನೂರಿನಾಂವ. ಪ್ಲಗ್ ಬಿಚ್ಚಿ ನೋಡಿದ, ಫಿಲ್ಟರ್ ತೊಳದ, ಕಾರ್ಬೊರೇಟರಿನ ಜೆಟ್ ಬಾಯಿಂದ ಊದಿದ. ಮಷಿನ್ ಚಾಲೂ ಆತು, ಮತ್ತ ಬಂದ್. ಕಡೀಕ ಮುಚ್ಚಳ ಸಡಿಲ ಮಾಡಿದ, ‘ಉಸ್ಸ್’ ಅಂತು. ಅದರ ಒಳಗ ಏನೋ ಕೆದರಿ ಬೆರಳು ಮೂಸಿದ. ಆಗಷ್ಟೇ ಮುಖ ತೊಳಕೊಂಡು ಬಂದ ನನ್ನ ಕಡೆ ಒಂದು ಸಲ ನೋಡಿದ. ಯಾಕ ನೋಡಿದ ಅಂತ ನನಗೇನು ಗೊತ್ತು!

“ಏನಾಗಿತ್ತೋ?” ಅಂತ ಮ್ಯಾನೇಜರ್ ರಘೋತ್ತಮರಾಯರು ಕೇಳಿದ್ರು.

“ಕಾರ್ಬೊರೇಟರಿನಾಗ ಕಸ ಇತ್ರಿ ಸಾಹೇಬ್ರ,” ಅಂದ.

ಅವತ್ತ ಸಂಜೀಕ ಮತ್ತ ಸೋರಿತು. ಸಾಬೂನು ಉದುರಿರಬೇಕು ಅಂತ ಇನ್ನೊಂದು ಚೂರು ಮೆತ್ತಿದೆ.

ಎರಡನೇ ಸಲ ಬಂದಾಗ ತಲಿ ನೀಟಾಗಿ ಬಾಚಿದ್ದ. ಚಹಾದ ಬಸಿ ಮ್ಯಾಲಿಂದ ನನ್ನ ನೋಡತಿದ್ದ. ನಾನು ತಿರುಗಿ ನೋಡಿದ್ರ ಆರಿದ ಚಹಾ ಊದತಿದ್ದ. ಅಂವ ಹೋದಮ್ಯಾಲೆ ಮತ್ತ ಸೋರಿತು, ಮತ್ತ ಮೆತ್ತಿದೆ. ಮೂರನೇ ಸಲ ಹೊಸಾ ಅಂಗಿ. ಸ್ಟೋರಿನ ಬಾಗಲದಾಗ ನಿಂತು ಮೆಲ್ಲಕ ಕೇಳಿದ, “ಮೇಡಂ, ನಾನು ಬರ್ಲಿ ಅಂತ ಇಷ್ಟೆಲ್ಲಾ ಯಾಕ್ರಿ? ನಮ್ಮವ್ವಗ ಹೇಳೇನಿ ನಾನು.”

“ಏನಂತ ಹೇಳೀರಿ?”

“ಸಾಬೂನಿಂದು.”

ನನ್ನ ಮೈಯೆಲ್ಲಾ ಉರೀತು. “ಸೋರತಿತ್ತು, ಮೆತ್ತೇನಿ! ನಿಮ್ಮ ಮುಖ ನೋಡಾಕ ನನಗೇನು ಬ್ಯಾರೆ ಕೆಲಸಿಲ್ಲೇನು?”

ಅವನ ಕಿವಿ ಕೆಂಪಾದವು. ಪಿನ್ನಿನಿಂದ ತೂತು ಬಿಡಿಸಿದ. “ಟ್ಯಾಂಕ್ ಉಸಿರಾಡೋ ತೂತ್ರಿ ಇದು. ಪೆಟ್ರೋಲ್ ಇಳಿದಂಗ ಗಾಳಿ ಒಳಗ ಬರಬೇಕು. ಇದನ್ನ ಮುಚ್ಚಿದ್ರ ಕಾರ್ಬೊರೇಟರಿಗೆ ಪೆಟ್ರೋಲ್ ಹೋಗಂಗಿಲ್ಲ.” ಗ್ವಾಡಿಗೆ ಮೊಳಿ ಬಡದು ಮಷಿನ್ ನೆಟ್ಟಗ ತೂಗುಹಾಕಿದ. “ಹಿಂಗಿದ್ರ ಸೋರಂಗಿಲ್ಲ. ನಾನೂ ಬರಂಗಿಲ್ಲ.”

ಹೊರಗ ರಾಯರು ಬೈಯಾಕತ್ತಿದ್ರು, “ಮೂರು ಸಲ ಬಂದೀ, ಇಷ್ಟು ಗೊತ್ತಾಗ್ಲಿಲ್ಲೇನೋ ನಿನಗ?”

“ನಂದ ತಪ್ಪಾತ್ರಿ,” ಅಂದ. ನನ್ನ ಹೆಸರು ತೆಗೀಲಿಲ್ಲ. ನನ್ನ ಎದಿ ಚುರ್ ಅಂತು.

ಆಮೇಲೆ ಆ ಸುಡುಗಾಡು ಮಷಿನ್ ಒಂದು ದಿನಾನೂ ಕೆಡಲಿಲ್ಲ. ಅದರ ಸಪ್ಪಳ ಕೇಳಿದ್ರ ನನಗ ಅಳು ಬರತಿತ್ತು. ಅಂವ ಬರತಿದ್ದ ಹನ್ನೊಂದರ ಬಸ್ಸಿನ ಹಾರ್ನ್ ಆದ್ರ ಬಾಗಲಕ್ಕ ಬರತಿದ್ದೆ. ಮುಖಕ್ಕ ಸಾಬೂನು ಹಚ್ಚಿದ್ರ ಅಂವ ಬೆರಳು ಮೂಸಿದ್ದು ನೆನಪಾಗತಿತ್ತು. ಎರಡು ತಿಂಗಳು ಹಿಂಗ ಕಳದ್ವು. ನನ್ನ ಬಾಯಿಗೆ ಬೆಂಕಿ ಹಾಕ ಅಂತ ನನ್ನ ನಾನ ಬೈಕೊಂಡೆ.

ಒಂದಿನ ಹನುಮಪ್ಪ ಕಾಕಾ ಅಂದ, “ನಮ್ಮ ಮೆಕ್ಯಾನಿಕ್ ಸೋಮವಾರ ಗುತ್ತಲಕ್ಕ ಕನ್ಯಾ ನೋಡಾಕ ಹೊಂಟಾನಂತ.”

ಅವತ್ತು ಶುಕ್ರವಾರ. ಸಂಜೀಕ ಎಲ್ಲಾರೂ ಹೋದಮ್ಯಾಲೆ ನಾನು ಸಾಬೂನು ತಂದೆ.

ಶನಿವಾರ ಮುಂಜಾನೆ ಮಷಿನ್ ಬಂದ್ ಬಿತ್ತು. ಬ್ಯಾರೆ ಮೆಕ್ಯಾನಿಕ್‌ನ್ನ ಕರಸ್ರಿ ಅಂದ್ರು ರಾಯರು. “ಶಂಕ್ರಪ್ಪ ಅವರಿಗೇ ಗೊತ್ತೈತ್ರಿ ಸರ್ ಇದರ ಸ್ವಭಾವ,” ಅಂತ ಹೇಳಿ ರಾಯರು ಹೂಂ ಅನ್ನೂದ್ರಾಗ ಗ್ಯಾರೇಜಿಗೆ ಫೋನ್ ಹಚ್ಚಿದೆ.

ಹನ್ನೊಂದರ ಬಸ್ಸಿಗೆ ಬಂದ. ಎಣ್ಣಿ ಕಲೆಯ ಹಳೇ ಅಂಗಿ, ನನ್ನ ಕಡೆ ನೋಡಲಿಲ್ಲ. ಪ್ಲಗ್ ಬಿಚ್ಚಿದ, ಕಾರ್ಬೊರೇಟರ್ ಬಿಚ್ಚಿದ. ಎಲ್ಲಾ ಆದಮ್ಯಾಲೆ ಮುಚ್ಚಳ ತೆಗದ. ತೆಗದು ಬೆರಳು ಮೂಸಿದ.

“ಮೊಳಿ ಕಿತ್ತಿತ್ತೇನ್ರಿ?”

“ಇಲ್ಲ. ಗಟ್ಟ್ಯಾಗೈತಿ.”

“ಮತ್ತ, ಸೋರಿತ್ತೇನ್ರಿ?”

“ಒಂದು ಹನೀನೂ ಇಲ್ಲ.”

ಅಂವ ಆಗ ನನ್ನ ನೋಡಿದ. ನನಗ ಕಣ್ಣಾಗ ನೀರು ಬಂದು ಅವನ ಮುಖ ಸರಿಯಾಗಿ ಕಾಣಲಿಲ್ಲ. “ಸೋಮವಾರ ಗುತ್ತಲಕ್ಕ ಹೋಗಬ್ಯಾಡ್ರಿ,” ಅಂದೆ.

ಅಂವ ಪಿನ್ನು ಕಿಸೆದಿಂದ ತೆಗದ. ನನ್ನ ನೋಡಕೋತ ಚುಚ್ಚಿದ, ತೂತು ಸಿಗಲೇ ಇಲ್ಲ. “ನೀಲಗಂಗಾ,” ಅಂತ ಮೊದಲನೇ ಸಲ ಹೆಸರು ಹಿಡದು ಕರದ. “ಸಾಹೇಬ್ರು ಬರಾಕತ್ತಾರ. ಏನಂತ ಹೇಳ್ಲಿ?”

“ಕಾರ್ಬೊರೇಟರಿನಾಗ ಕಸ ಇತ್ತು ಅನ್ರಿ,” ಅಂದೆ.