ಬ್ರೆಡ್ಡಿನ ತಳ ತಟ್ಟಿದ ಅಧಿಕಾರಿ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸಿನ ಮೊಣಕೈಗೆ ಇನ್ನೂ ಮೈದಾ ಅಂಟಿತ್ತು. ತಂಗಿಯ ಜೊತೆ ಸೇರಿ ಬೇಕರಿ ನಡೆಸುವವಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಒಂದು ದೂರು ಕೊಡ್ಬೇಕು, ಮೇಡಂ. ಆದ್ರೆ ನಗ್ಬಾರ್ದು.”

“ನಗೋಕೆ ನಮಗೆಲ್ಲಿ ಪುರುಸೊತ್ತು? ಹೇಳಿ,” ಎಂದರು ಇನ್‌ಸ್ಪೆಕ್ಟರ್.

ಶುಕ್ರವಾರ ಸಂಜೆ ಟೋಪಿ, ಮಾಸ್ಕು ಹಾಕಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಬೇಕರಿಗೆ ಬಂದಿದ್ದ. ಆಹಾರ ಸುರಕ್ಷತಾ ಇಲಾಖೆಯವನು ಅಂದ. ಎಲ್ಲ ಕೊಳಕು, ಪರವಾನಗಿ ರದ್ದು, ಈಗಲೇ ದಂಡ ಕಟ್ಟದಿದ್ದರೆ ಬೀಗ ಜಡಿಯುತ್ತೇನೆ ಅಂದ. ಯಾರಿಗಾದರೂ ಫೋನ್ ಮಾಡಿದರೆ ಕೇಸು ದೊಡ್ಡದಾಗುತ್ತದೆ ಎಂದೂ ಹೆದರಿಸಿದ. ಅಕ್ಕ ಒಳಗೆ ಹೋಗಿ, ತಂಗಿಯ ಕಣ್ಣಿನ ಆಪರೇಷನ್‌ಗೆ ಕೂಡಿಟ್ಟಿದ್ದನ್ನೆಲ್ಲ ತಂದು ಅವನ ಕೈಗಿಟ್ಟಳು. ರಸೀದಿ ಸೋಮವಾರ ಬರುತ್ತದೆ ಎಂದವನು ಹೋದ. ಸೋಮವಾರ ಏನೂ ಬಾರದಿದ್ದಾಗ ಅವಳೇ ಇಲಾಖೆಗೆ ಫೋನ್ ಮಾಡಿದರೆ, ನಾವು ಯಾರನ್ನೂ ಕಳಿಸಿಲ್ಲ, ಕಳಿಸಿದರೂ ಲಿಖಿತ ನೋಟಿಸ್ ಕೊಡದೆ ಅಂಗಡಿಯಲ್ಲಿ ನಗದು ವಸೂಲಿ ಮಾಡುವುದಿಲ್ಲ ಎಂದರು.

“ತಂಗಿಗೆ ಒಂದು ಕಣ್ಣು ಹೋಗಿದೆ, ಇನ್ನೊಂದು ಮಂಜು. ಈ ತಿಂಗಳು ಮಾಡಿಸ್ದಿದ್ರೆ ಅದೂ ಉಳಿಯಲ್ಲ ಅಂದಿದ್ದಾರೆ ಡಾಕ್ಟ್ರು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!”

“ಬುದ್ಧಿ ಇರೋದಕ್ಕೇ ಇಲ್ಲಿಗೆ ಬಂದಿದ್ದೀರಿ. ಮೋಸ ಹೋದೋರು ಮುಖ ಮುಚ್ಕೊಂಡು ಮನೇಲಿ ಕೂತ್ರೆ ನಾವೇನು ಮಾಡೋಕಾಗುತ್ತೆ? ನೀವು ಬಂದಿದ್ದೇ ನಮಗೆ ದೊಡ್ಡ ಉಪಕಾರ.”

ಅಕ್ಕ ಈಗ ಕೂತಳು. “ಇನ್ನೊಂದು ಮಾತಿದೆ, ಮೇಡಂ. ನಾವಿಬ್ರು ಇವತ್ತು ಬದುಕಿರೋದೂ ಅವನಿಂದ್ಲೇ.”

ಹೊರಡುವಾಗ ಅವನು ಓವನ್ನಿನ ಹಿಂದೆ ಬಗ್ಗಿ ಮೂಸಿದ್ದನಂತೆ. ಗ್ಯಾಸ್ ಪೈಪು ಸೀಳಿದೆ, ಬದಲಾಯಿಸುವ ತನಕ ಕಡ್ಡಿ ಗೀರಬೇಡಿ ಎಂದು ತಾನೇ ಗ್ಯಾಸ್ ಬಂದ್ ಮಾಡಿ ಹೋದನಂತೆ. ರಿಪೇರಿಯವನು ಬಂದು ನೋಡಿ, ಬೆಳಗ್ಗೆ ಓವನ್ ಹಚ್ಚಿದ್ದರೆ ಬೇಕರಿಯೂ ಇರುತ್ತಿರಲಿಲ್ಲ, ನೀವೂ ಇರುತ್ತಿರಲಿಲ್ಲ ಅಂದನಂತೆ.

“ಅವನಿಗೆ ಶಾಪ ಹಾಕ್ಲೋ, ಕೈ ಮುಗೀಲೋ?”

“ಮೊದ್ಲು ಎಫ್‌ಐಆರ್ ಆಗ್ಲಿ. ಆಮೇಲೆ ಎರಡೂ ಮಾಡಿ.”

ಮಧ್ಯಾಹ್ನ ಸ್ಥಳ ಪಂಚನಾಮೆ. ಇನ್‌ಸ್ಪೆಕ್ಟರ್ ಜೊತೆ ಬಂದದ್ದು ಹೆಡ್ ಕಾನ್‌ಸ್ಟೇಬಲ್ ಮೀಸೆ. ಮೀಸೆ ಬೋಳಿಸಿ ಎರಡು ವರ್ಷವಾದರೂ ಹೆಸರು ಮಾತ್ರ ಬೋಳಿಸಲಾಗಿಲ್ಲ, ಪಾಪ. ಗಲ್ಲಾದ ಪಕ್ಕ ಕೂತಿದ್ದ ತಂಗಿಯನ್ನು ಇನ್‌ಸ್ಪೆಕ್ಟರ್ ವಿಚಾರಿಸಿದರು.

“ಮುಖ ನೋಡಿದ್ರಾ?”

“ನನ್ನ ಮುಖವೇ ನನಗೆ ಕಾಣಲ್ಲ, ಮೇಡಂ.”

“ಏನಾದ್ರೂ ಕೇಳಿಸ್ತಾ?”

“ಅಕ್ಕ ದುಡ್ಡು ತರೋಕೆ ಒಳಗೆ ಹೋದಾಗ ಟಕ್ ಟಕ್ ಅಂತು. ಬ್ರೆಡ್ಡನ್ನ ತಲೆಕೆಳಗು ಮಾಡಿ ತಳಕ್ಕೆ ಬೆರಳ ಗೆಣ್ಣಲ್ಲಿ ತಟ್ಟಿದ.”

“ಯಾಕೆ?”

“ಬೆಂದಿದೆಯಾ ಅಂತ ನೋಡೋಕೆ. ಪೊಳ್ಳು ಸದ್ದು ಬಂದ್ರೆ ಬೆಂದಿದೆ ಅಂತ. ನಾವೂ ಹಾಗೇ ನೋಡೋದು.”

“ಇಲಾಖೆಯೋರು ಹಾಗೆ ತಟ್ತಾರಾ?”

“ಅಯ್ಯೋ, ಎಲ್ಲಿಂದ! ಕೈಗೆ ಗ್ಲೌಸ್ ಹಾಕ್ಕೊಂಡು ಒಂದು ಬ್ರೆಡ್ ಡಬ್ಬಿಗೆ ಹಾಕಿ, ಕಾಗದಕ್ಕೆ ಸಹಿ ಹಾಕಿಸ್ಕೊಂಡು ಹೋಗ್ತಾರೆ. ಇವನು ತಟ್ಟಿ, ‘ಚೆನ್ನಾಗಿದೆ’ ಅಂತ ತನ್ನಷ್ಟಕ್ಕೇ ಅಂದ್ಕೊಂಡ. ದಂಡ ಹಾಕೋಕೆ ಬಂದ ಪುಣ್ಯಾತ್ಮ!”

ಇನ್‌ಸ್ಪೆಕ್ಟರ್ ಮೀಸೆಯ ಮುಖ ನೋಡಿದರು. ಹುಟ್ಟುಗುಣ ಸುಟ್ಟರೂ ಹೋಗದು. ವೇಷ ಅಧಿಕಾರಿಯದು, ಕೈ ಬೇಕರಿಯವನದು.

ಊರಿನ ಬೇಕರಿಗಳಿಗೆಲ್ಲ ಮೈದಾ ಹೋಗುವುದು ಒಬ್ಬನೇ ಸಗಟು ವ್ಯಾಪಾರಿಯಿಂದ. ಬುಧವಾರ ಬೆಳಿಗ್ಗೆ ಇಬ್ಬರೂ ಅವನ ಗೋದಾಮಿಗೆ ಹೋದರು.

“ಈಚೆಗೆ ಬಾಗಿಲು ಹಾಕಿದ ಬೇಕರಿ ಯಾವುದಾದ್ರೂ ಇದೆಯಾ?”

“ಒಂದಿದೆ, ಮೇಡಂ. ಒಳ್ಳೆ ಕೈ ಅವನದು. ಹೋದ ವರ್ಷ ಇದ್ದಕ್ಕಿದ್ದಂಗೆ ಮುಚ್ಚಿಬಿಟ್ಟ. ಏನಪ್ಪಾ ಆಯ್ತು ಅಂದ್ರೆ ಬಾಯೇ ಬಿಡ್ಲಿಲ್ಲ. ಈಗ್ಲೂ ಚೂರುಪಾರು ಮೈದಾ ಒಯ್ತಾನೆ.”

ವಿಳಾಸ ಸಿಕ್ಕಿತು. ಸಂಜೆ ನಾಲ್ಕಕ್ಕೆ ಬಾಡಿಗೆ ಕೋಣೆಯ ಬಾಗಿಲು ಬಡಿದಾಗ ಒಳಗಿಂದ ಬ್ರೆಡ್ ಬೇಯುವ ವಾಸನೆ ಬರುತ್ತಿತ್ತು. ಬಾಗಿಲು ತೆರೆದವನು ಸಮವಸ್ತ್ರ ನೋಡಿ ಓಡಲಿಲ್ಲ.

“ಒಂದ್ನಿಮಿಷ, ಮೇಡಂ. ಓವನ್ ಆರಿಸಿ ಬರ್ತೀನಿ.”

ಪುಟ್ಟ ಓವನ್ನಿನಿಂದ ಬ್ರೆಡ್ ತೆಗೆದು, ತನಗೇ ಗೊತ್ತಿಲ್ಲದೆ ಮಗುಚಿ ತಳ ತಟ್ಟಿದ.

“ಬೆಂದಿದೆಯಾ?” ಮೀಸೆ ಕೇಳಿದ.

“ಬೆಂದಿದೆ, ಸಾರ್,” ಎಂದವನು ತಲೆ ತಗ್ಗಿಸಿದ.

ಗುರುತಿನ ಚೀಟಿ, ಟೋಪಿ, ಮೈದಾ ಡಬ್ಬದಲ್ಲಿ ಹೂತಿಟ್ಟಿದ್ದ ಹಣ ಪಂಚರ ಮುಂದೆ ಜಪ್ತಿಯಾದವು. ಹಣ ಪೂರ್ತಿ ಇತ್ತು. ಆರೋಪಿಯನ್ನು ದಸ್ತಗಿರಿ ಮಾಡಲಾಯಿತು.

ಠಾಣೆಯಲ್ಲಿ ಅವನು ಹೇಳಿದ್ದು ಸ್ವಲ್ಪವೇ. ಹೋದ ವರ್ಷ ತೆರಿಗೆ ಇಲಾಖೆಯವನು ಎಂದು ಹೇಳಿಕೊಂಡು ಒಬ್ಬ ಬಂದು, ಇದೇ ಮಾತು, ಇದೇ ಬೆದರಿಕೆ ಹಾಕಿ ಇವನ ಬೇಕರಿಯನ್ನೇ ನುಂಗಿದ್ದ. ಕಲಿಸಿಕೊಟ್ಟ ಗುರು ಅವನೇ. ಮತ್ತೆ ಅಂಗಡಿ ತೆರೆಯಬೇಕೆಂಬ ಹುಚ್ಚು ಇವನಿಂದ ಈ ಕೆಲಸ ಮಾಡಿಸಿತ್ತು.

“ಆಗ್ಲೇ ಯಾಕೆ ಬರ್ಲಿಲ್ಲ ಇಲ್ಲಿಗೆ?”

“ನಾಚಿಕೆ, ಮೇಡಂ.”

ಗುರುವಾರ ಅಕ್ಕ ಬಂದಳು. ಜಪ್ತಿಯಾದ ಹಣ ಬೇಗ ಕೊಡಿಸಲು ನ್ಯಾಯಾಲಯಕ್ಕೆ ವರದಿ ಹೋಗಿದೆ, ಡಾಕ್ಟರೂ ದಿನ ಕಾಯ್ದಿರಿಸಿದ್ದಾರೆ ಎಂದು ಇನ್‌ಸ್ಪೆಕ್ಟರ್ ಹೇಳಿದಾಗ ಅವಳ ಕಣ್ಣು ತುಂಬಿತು. “ನಿಮ್ಮ ಋಣ ಹೇಗೆ ತೀರಿಸ್ಲಿ?” ಅಂದಳು. ನಿನ್ನ ತಂಗಿಯ ಕಿವಿಗೆ ಹೇಳಮ್ಮ ಆ ಮಾತು ಎಂದ ಮೀಸೆ. ನ್ಯಾಯಾಲಯಕ್ಕೆ ಕರೆದೊಯ್ಯಲು ಬೆಂಚಿನ ಮೇಲೆ ಕೂರಿಸಿದ್ದವನ ಮುಂದೆ ಅವಳು ಹೋಗಿ ನಿಂತಳು.

“ಕೇಸು ವಾಪಸ್ ತಗೊಳಲ್ಲ ಕಣಪ್ಪ. ಅದು ನನ್ನ ತಂಗಿ ಕಣ್ಣು. ಆದ್ರೆ ಪೈಪು ತೋರಿಸಿ ನಮ್ಮ ಜೀವ ಉಳಿಸಿದೆ ನೋಡು, ಅದನ್ನ ಸಾಯೋ ತನಕ ಮರೆಯಲ್ಲ.”

“ಬದಲಾಯಿಸಿದ್ರಾ, ಅಕ್ಕ?”

“ಅವತ್ತೇ ಹಾಕಿಸ್ದೆ.”

ಅವನು ಕಣ್ಣೊರೆಸಿಕೊಂಡ. “ಇಲ್ಲಿಗೆ ಬರೋಕೆ ನಿಮಗೆ ನಾಚಿಕೆ ಆಗ್ಲಿಲ್ವಾ?”

“ಆಯ್ತು. ಆದ್ರೂ ಬಂದೆ.”

ಅವಳು ಮೆಟ್ಟಿಲಿಳಿದು ಹೋಗುವವರೆಗೂ ಅವನು ಅವಳನ್ನೇ ನೋಡುತ್ತಿದ್ದ. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದ.

“ಮೇಡಂ, ನನ್ನದೂ ಒಂದು ದೂರಿದೆ. ನಗ್ಬಾರ್ದು.”

ಯಾರೂ ನಗಲಿಲ್ಲ. ಮೀಸೆ ಒಂದು ಕುರ್ಚಿ ಎಳೆದು ತಂದು ಅವನನ್ನು ಕೂರಿಸಿದ.